ಫ್ರಿಜ್ ತಣ್ಣಗಿದೆ, ಒಳಗಿನ ದೀಪ ಮಾತ್ರ ಉರಿಯುತ್ತಿಲ್ಲ

ಹಂಚಿನಮನೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೇ ಬಾಗಿಲಿನ, ಕೈಯಾರೆ ಮಂಜು ಕರಗಿಸಬೇಕಾದ ಹಳೆಯ ಮಾದರಿಯ ಫ್ರಿಜ್. 190 ಲೀಟರಿನದು, 2011ರಲ್ಲಿ ತಂದದ್ದು. ಹದಿನೈದು ದಿನಗಳಿಂದ ಒಳಗಿನ ದೀಪ ಉರಿಯುತ್ತಿಲ್ಲ. ತಂಪಿಗೆ ಏನೂ ಕೊರತೆಯಿಲ್ಲ. ಐಸ್ ಕಟ್ಟುತ್ತಿದೆ, ಮೋಟಾರು ಎಂದಿನಂತೆ ನಿಂತು ನಿಂತು ಓಡುತ್ತಿದೆ.

ದೀಪವೊಂದು ಇಲ್ಲದಿದ್ದರೆ ಏನಾದೀತು ಎಂದು ನಾನೂ ಒಂದು ವಾರ ಸುಮ್ಮನಿದ್ದೆ. ನಮ್ಮ ಅಡುಗೆಮನೆ ಅಜ್ಜನ ಕಾಲದ್ದು, ಬೆಳಗಿನ ಐದು ಗಂಟೆಗೆ ಗವಿಯ ಹಾಗಿರುತ್ತದೆ. ಟ್ಯೂಬ್‌ಲೈಟ್ ಇರುವುದು ನನ್ನ ಬೆನ್ನ ಹಿಂದೆ. ಫ್ರಿಜ್ಜಿನ ಬಾಗಿಲು ತೆಗೆದು ನಿಂತರೆ ನನ್ನ ನೆರಳೇ ಒಳಗೆಲ್ಲ ಬೀಳುತ್ತದೆ. ಕಳೆದ ಸೋಮವಾರ ಹಾಲಿನ ಪಾತ್ರೆಯೆಂದು ತೆಗೆದು ಡಿಕಾಕ್ಷನ್ನಿಗೆ ಸುರಿದದ್ದು ತೆಳ್ಳೇವಿನ, ಅಂದರೆ ನಮ್ಮ ಕಡೆಯ ತೆಳು ದೋಸೆಯ, ಹಿಟ್ಟು. ರಾತ್ರಿ ರುಬ್ಬಿಟ್ಟಿದ್ದ ಅಕ್ಕಿ ತಳದಲ್ಲಿ ಕೂತು, ಮೇಲಿನ ನೀರು ಹಾಲಿನಷ್ಟೇ ಬೆಳ್ಳಗೆ ಕಾಣುತ್ತಿತ್ತು. ಒಲೆಯ ಮೇಲಿಟ್ಟ ಕಾಫಿ ಸೌಟಿಗೆ ಅಂಟಿಕೊಂಡು ಗಂಜಿಯಾಗುತ್ತಾ ಬಂದಾಗಲೇ ತಿಳಿದದ್ದು. ಕಾಫಿಯನ್ನೇನೋ ಚೆಲ್ಲಿದೆ. ಆದರೆ ಎಂಬತ್ತನಾಲ್ಕು ವರ್ಷದ ಆಯಿಯ ಇನ್ಸುಲಿನ್ ಕೂಡ ಅದೇ ಫ್ರಿಜ್ಜಿನಲ್ಲಿದೆ, ಅವಳು ತಡಕಾಡಿಕೊಂಡು ತಾನೇ ತೆಗೆದುಕೊಳ್ಳುತ್ತಾಳೆ. ಹಾಗಾಗಿ ಈಗ ಇದರ ಹಿಂದೆ ಬಿದ್ದಿದ್ದೇನೆ.

ಇಲ್ಲಿಯವರೆಗೆ ಮಾಡಿದ್ದು ಇಷ್ಟು. ಬಲ್ಬು ಬಿಚ್ಚಿ ಪೇಟೆಗೆ ಒಯ್ದೆ. 15 ವ್ಯಾಟಿನ ಸಣ್ಣ ಸುರುಳಿ ಬಲ್ಬು, ಬುಡದಲ್ಲಿ ಇ14 ಎಂದು ಬರೆದಿದೆ. ಅದೇ ಅಳತೆಯ ಹೊಸದು ತಂದು ಹಾಕಿದೆ, ಉರಿಯಲಿಲ್ಲ. ಎರಡನ್ನೂ ಮತ್ತೆ ಅಂಗಡಿಗೆ ಒಯ್ದರೆ ಅಲ್ಲಿ ಎರಡೂ ಚೆನ್ನಾಗಿಯೇ ಉರಿದವು! ಸ್ಟೆಬಿಲೈಸರ್ 225 ತೋರಿಸುತ್ತಿದೆ. ಸರ್ವಿಸಿನವರಿಗೆ ಫೋನ್ ಮಾಡಿದೆ. ಬಂದು ನೋಡದೆಯೇ "ಥರ್ಮೋಸ್ಟಾಟ್ ಇರುವ ಪೂರ್ತಿ ಪೆಟ್ಟಿಗೆ ಬದಲಿಸಬೇಕಾಗುತ್ತದೆ, 2,800 ರೂಪಾಯಿ, ಬಂದುಹೋಗುವ ಖರ್ಚು ಬೇರೆ" ಎಂದರು.

ಒಂದು ವಿಚಿತ್ರವಿದೆ. ಶನಿವಾರ ರಾತ್ರಿ ಮಂಜು ಕರಗಿಸಲೆಂದು ಪ್ಲಗ್ ಕಿತ್ತು, ಸಾಮಾನನ್ನೆಲ್ಲ ಪಕ್ಕದ ಮನೆಯ ಫ್ರಿಜ್ಜಿಗೆ ಸಾಗಿಸಿ, ಬಾಗಿಲು ತೆರೆದಿಟ್ಟು ಮಲಗಿದೆ. ಭಾನುವಾರ ಬೆಳಿಗ್ಗೆ ಪ್ಲಗ್ ಹಾಕಿದರೆ ದೀಪ ಝಗ್ಗೆಂದು ಹತ್ತಿತು. ಸರಿಹೋಯಿತೆಂದು ಪಾತ್ರೆಗಳನ್ನೆಲ್ಲ ಜೋಡಿಸಿದೆ. ಹನ್ನೊಂದು ಗಂಟೆಯವರೆಗೂ ಬಾಗಿಲು ತೆಗೆದಾಗಲೆಲ್ಲ ಉರಿಯುತ್ತಿತ್ತು. ಊಟಕ್ಕೆ ಮೊಸರು ತೆಗೆಯಲು ಹೋದಾಗ ಮತ್ತೆ ಕತ್ತಲೆ.

ತೋಟದ ಪಂಪಿನ ಸಹವಾಸದಿಂದ ಟೆಸ್ಟರ್, ಮಲ್ಟಿಮೀಟರ್ ಹಿಡಿಯಲು ಬರುತ್ತದೆ. ಎಲ್ಲಿಂದ ಹುಡುಕಲು ಶುರುಮಾಡಲಿ?

ಮೂರನೇಮಹಡಿ (ಬೆಂಗಳೂರು):

ನಮ್ಮ ಮನೆಯಲ್ಲೂ ಹೋದ ವರ್ಷ ಹೀಗೇ ಆಗಿತ್ತು. ನಮ್ಮದು ಇನ್ವರ್ಟರ್ ಫ್ರಿಜ್, ಒಳಗೆ ಎಲ್‌ಇಡಿ ಪಟ್ಟಿ. ಕೊನೆಗೆ ಹಿಂದಿನ ಎಲೆಕ್ಟ್ರಾನಿಕ್ ಬೋರ್ಡಿನಿಂದ ದೀಪಕ್ಕೆ ಬರಬೇಕಾದ 12 ವೋಲ್ಟ್ ಬರುತ್ತಿರಲಿಲ್ಲ ಎಂದು ಗೊತ್ತಾಯಿತು, ಬೋರ್ಡ್ ಬದಲಿಸಿದರು. ನಿಮ್ಮದೂ ಬೋರ್ಡ್ ಇರಬಹುದು. ಒಮ್ಮೆ ಸರಿಯಾಗಿ ಒಮ್ಮೆ ಕೆಡುವುದೆಲ್ಲ ಬೋರ್ಡಿನ ಲಕ್ಷಣವೇ. ಹನ್ನೆರಡು ಹದಿಮೂರು ವರ್ಷ ದುಡಿದ ಫ್ರಿಜ್‌ಗೆ ಖರ್ಚು ಮಾಡುವ ಬದಲು ಹೊಸದರ ಬಗ್ಗೆ ಯೋಚಿಸಿ ಎನ್ನುವುದು ನನ್ನ ಸಲಹೆ.

ರೀಲೆಮೇಸ್ತ್ರಿ (ದಾವಣಗೆರೆ):

ಮೂರನೇಮಹಡಿಯವರೇ, ಅವರ ಫ್ರಿಜ್ಜಿನಲ್ಲಿ ಬೋರ್ಡೇ ಇಲ್ಲ. ಇಲ್ಲದ ಬೋರ್ಡ್ ಕೆಡುವುದು ಹೇಗೆ? ಇಪ್ಪತ್ತೆರಡು ವರ್ಷಗಳಿಂದ ಇದೇ ಕಸುಬು ಮಾಡಿಕೊಂಡಿದ್ದೇನೆ. ಆ ಕಾಲದ ಒಂಟಿ ಬಾಗಿಲಿನ ಫ್ರಿಜ್ಜಿನಷ್ಟು ಸರಳವಾದ ಯಂತ್ರ ಅಡುಗೆಮನೆಯಲ್ಲಿ ಮಿಕ್ಸಿಯೂ ಅಲ್ಲ. ಅದನ್ನು ಮಾರಿ ಹೊಸದು ತನ್ನಿ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಹಂಚಿನಮನೆಯವರೇ, ನಿಮ್ಮ ಫ್ರಿಜ್ಜಿನಲ್ಲಿ ಪ್ಲಗ್ಗಿನಿಂದ ಬಂದ 230 ವೋಲ್ಟ್ ಒಳಗೆ ಎರಡು ದಾರಿಯಾಗಿ ಕವಲೊಡೆಯುತ್ತದೆ. ಒಂದು ದಾರಿ, ತಂಪು ನೋಡಿಕೊಂಡು ಮೋಟಾರನ್ನು ನಿಲ್ಲಿಸಿ ಓಡಿಸುವ ಥರ್ಮೋಸ್ಟಾಟಿನ ಮೂಲಕ ಕಂಪ್ರೆಸರಿಗೆ, ಅಂದರೆ ನೀವು ಹೇಳುವ ಮೋಟಾರಿಗೆ. ಇನ್ನೊಂದು ದಾರಿ ಬಾಗಿಲ ಸ್ವಿಚ್ಚಿನ ಮೂಲಕ ದೀಪಕ್ಕೆ. ಥರ್ಮೋಸ್ಟಾಟಿನ ತಿರುಗುಣಿಯನ್ನು ಸೊನ್ನೆಗೆ ತಿರುಗಿಸಿದರೂ ಸಾಮಾನ್ಯವಾಗಿ ದೀಪ ಉರಿಯುತ್ತಲೇ ಇರುವುದು ಅದಕ್ಕೇ. ನಿಮ್ಮ ಮೋಟಾರು ಹೊತ್ತುಹೊತ್ತಿಗೆ ನಿಂತು ಓಡುತ್ತಿದೆ ಎಂದರೆ ಥರ್ಮೋಸ್ಟಾಟ್ ಗಟ್ಟಿಮುಟ್ಟಾಗಿದೆ. ಕಂಪ್ರೆಸರಿಗೆ ಕರೆಂಟು ಬರುತ್ತಿರುವಾಗ ಪ್ಲಗ್ಗು, ಸಾಕೆಟ್ಟು, ಸ್ಟೆಬಿಲೈಸರುಗಳ ಮೇಲೂ ಅನುಮಾನ ಬೇಡ. ಹಾಗಿರುವಾಗ ಪೂರ್ತಿ ಪೆಟ್ಟಿಗೆ ಯಾಕೆ? ಆ ಪೆಟ್ಟಿಗೆಯೊಳಗೆ ದೀಪಕ್ಕೆ ಸೇರಿದ್ದು ಹೋಲ್ಡರ್ ಒಂದೇ, ಅದು ಬಿಡಿಯಾಗಿಯೇ ಸಿಗುತ್ತದೆ.

ಕೈ ಹಾಕುವ ಮೊದಲು ಒಂದು ಮಾತು. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಮೂರು ಪಿನ್ನಿನ ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಫ್ರಿಜ್ಜಿನ ತಲೆಯ ಮೇಲಿಡಿ. ಹಳೆಯ ಮನೆಗಳಲ್ಲಿ ವೈರಿಂಗ್ ಮಾಡಿದವರು ಎಷ್ಟೋ ಕಡೆ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿರುತ್ತಾರೆ. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನೊಳಗೆ ಕರೆಂಟು ಜೀವಂತ ಕೂತಿರುತ್ತದೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಬ್ಬರ ಮನೆಯಲ್ಲಿ ಬರಿಗಾಲಿನಲ್ಲಿ, ಮಂಜು ಕರಗಿದ ನೀರಿನ ಮೇಲೆ ನಿಂತು ಬಲ್ಬಿಗೆ ಕೈಹಾಕಿ ಅಡುಗೆಮನೆಯ ಆ ಗೋಡೆಗೆ ಹೋಗಿ ಬಿದ್ದಿದ್ದೇನೆ. ನಮ್ಮ ಉಸ್ತಾದರು ಮೊದಲು ಬೈದು, ಆಮೇಲೆ ನೀರು ಕೊಟ್ಟರು.

ಬಲ್ಬು ಸರಿಯಿದೆಯೆಂದು ನೀವೇ ಕಂಡುಕೊಂಡಿದ್ದೀರಿ, ಒಳ್ಳೆಯದಾಯಿತು. ಇನ್ನು ಹೋಲ್ಡರಿನ ತಳದಲ್ಲಿ ಒಂದು ಹಿತ್ತಾಳೆಯ ನಾಲಿಗೆ ಇರುತ್ತದೆ. ಬಲ್ಬನ್ನು ಬಿಗಿಯಾಗಿ ತಿರುಗಿಸಿ ತಿರುಗಿಸಿ ಅದು ಒತ್ತಿಹೋಗಿ, ಬಲ್ಬಿನ ಬುಡ ಅದಕ್ಕೆ ತಾಗದೆಯೇ ಉಳಿಯುವುದುಂಟು. ಬಿದಿರಿನ ಕಡ್ಡಿಯಿಂದ ಒಂದು ಕೂದಲೆಳೆಯಷ್ಟು ಮೇಲಕ್ಕೆತ್ತಿ. ಕರ್ರಗಾಗಿದ್ದರೆ ಕೆರೆಯಿರಿ. ಜೀರೋ ಕ್ಯಾಂಡಲ್ ಬಲ್ಬು ಹಾಕಿ ನೋಡೋಣವೆಂದು ಹೊರಡಬೇಡಿ, ಅದು ಪಿನ್ನಿನದು, ಈ 14 ಮಿಲಿಮೀಟರಿನ ಸುರುಳಿಗೆ ಕೂರುವುದಿಲ್ಲ.

ನನ್ನ ಅನುಮಾನವೆಲ್ಲ ಬಾಗಿಲ ಸ್ವಿಚ್ಚಿನ ಮೇಲೆ. ಮನೆಯ ಕರೆಗಂಟೆಯ ಗುಂಡಿ ಒತ್ತಿದರೆ ಸಂಪರ್ಕ ಕೂಡುತ್ತದಲ್ಲವೇ, ಇದು ಅದಕ್ಕೆ ಪೂರ್ತಿ ತಿರುಗುಮುರುಗು: ಒತ್ತಿದರೆ ಸಂಪರ್ಕ ಕಡಿಯುತ್ತದೆ. ಬಾಗಿಲು ಮುಚ್ಚಿದಾಗ ಗುಂಡಿ ಒಳಗೆ ಹೋಗಿ ದೀಪ ಆರುತ್ತದೆ, ತೆಗೆದಾಗ ಒಳಗಿನ ಸಣ್ಣ ಸ್ಪ್ರಿಂಗು ಅದನ್ನು ಹೊರಗೆ ದೂಡುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಸ್ವಿಚ್ಚಿನ ಅಂಚಿಗೆ ಕೊಟ್ಟು ಮೆಲ್ಲಗೆ ಎಬ್ಬಿಸಿ, ಪೂರ್ತಿ ಕಿತ್ತುಬರುತ್ತದೆ. ಹಿಂದೆ ಎರಡು ವೈರುಗಳಿರುತ್ತವೆ. ಅವನ್ನು ಬಿಡಿಸಿದ ತಕ್ಷಣ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಬಿಡಿ. ವೈರು ಒಮ್ಮೆ ತೂತಿನೊಳಗೆ ಜಾರಿ ಗೋಡೆಯ ನಡುವಿನ ಫೋಮಿನ ಪಾಲಾಯಿತೋ, ಆಮೇಲೆ ನೀವು ನನ್ನನ್ನು ಬೈದು ಪ್ರಯೋಜನವಿಲ್ಲ. ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು ಸ್ವಿಚ್ಚಿನ ಎರಡು ಕಾಲಿಗೆ ಹಿಡಿಯಿರಿ. ಗುಂಡಿ ಹೊರಗಿದ್ದಾಗ ಬೀಪ್ ಬರಬೇಕು, ಒತ್ತಿದಾಗ ನಿಲ್ಲಬೇಕು. ಎರಡು ವೈರುಗಳನ್ನು ಒಂದಕ್ಕೊಂದು ತಿರುಚಿ ಕರೆಂಟು ಕೊಟ್ಟು ನೋಡುವ ಚಾಳಿ ಬೇಡ.

ಹೋಲ್ಡರ್, ಸ್ವಿಚ್ ಎರಡೂ ಸರಿಯಿದ್ದರೆ ಮಾತ್ರ ಫ್ರಿಜ್ಜಿನ ಬೆನ್ನಿಗೆ ಬನ್ನಿ. ಕಂಪ್ರೆಸರಿನ ಬಳಿ ವೈರು ಇಲಿ ಕಡಿದಿರಬಹುದು, ಅಡಿಕೆ ಭತ್ತ ಇರುವ ಮನೆಗಳಲ್ಲಿ ಇದನ್ನು ಎಷ್ಟೋ ನೋಡಿದ್ದೇನೆ.

ಆ ಭಾನುವಾರದ ಕಥೆ ಮಾತ್ರ ನನಗೆ ಕೂಡಿ ಬರುತ್ತಿಲ್ಲ. ಪಸೆ ಎನ್ನೋಣವೆಂದರೆ, ಮಂಜು ಕರಗಿಸಿದ ಬೆಳಿಗ್ಗೆಯೇ ಒಳಗೆ ಹೆಚ್ಚು ಪಸೆ ಇರುವುದು. ಆಗ ಉರಿದು, ಒಣಗಿದ ಮೇಲೆ ಆರುವುದೆಂದರೇನು?

ಕಡಲತಡಿ (ಕುಂದಾಪುರ):

ನಾನು ರಿಪೇರಿಯವಳಲ್ಲ, ಮನೆ ನೋಡಿಕೊಳ್ಳುವವಳು. ಮೇಸ್ತ್ರಿಯವರು ಇಷ್ಟು ಬಿಡಿಸಿ ಬರೆದ ಮೇಲೆ ಬಾಯಿ ಹಾಕಲು ಸಂಕೋಚ. ಆದರೂ ಹಂಚಿನಮನೆ ಅಣ್ಣ, ಒಂದು ಕೇಳುತ್ತೇನೆ: ಆ ಗುಂಡಿಗೆ ನೀವು ತೆಂಗಿನೆಣ್ಣೆ ಏನಾದರೂ ಬಿಟ್ಟಿದ್ದೀರಾ?

ಯಾಕೆ ಕೇಳಿದೆನೆಂದರೆ, ನಮ್ಮ ಕಡೆ ಬಾಗಿಲು ಕಿರುಗುಟ್ಟಿದರೂ ತೆಂಗಿನೆಣ್ಣೆ, ಬೀಗ ತಿರುಗದಿದ್ದರೂ ತೆಂಗಿನೆಣ್ಣೆ, ಹೊಲಿಗೆ ಯಂತ್ರ ಗಟ್ಟಿಯಾದರೂ ತೆಂಗಿನೆಣ್ಣೆ. ನಮ್ಮ ಮನೆಯವರು ಹಿಂದೊಮ್ಮೆ ಫ್ರಿಜ್ಜಿನ ಈ ಗುಂಡಿಗೂ ಎರಡು ಹನಿ ಬಿಟ್ಟಿದ್ದರು. ಬಿಟ್ಟ ಹೊತ್ತಿಗೆ ಬೆಣ್ಣೆಯ ಹಾಗೆ ಓಡಾಡಿತು. ಮಾರನೇ ದಿನ ಒಳಗೆ ಹೋದ ಗುಂಡಿ ಹೊರಗೆ ಬರಲಿಲ್ಲ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟಲು ಶುರುವಾಗುತ್ತದೆ. ನಿಮ್ಮ ಘಟ್ಟದ ಮೇಲೆ ಡಿಸೆಂಬರಿನಲ್ಲಿ ಬಾಟಲಿ ಬಿಸಿಲಿಗಿಡದೆ ತಲೆಗೆ ಹಚ್ಚಲು ಆಗುವುದಿಲ್ಲವಲ್ಲ! ಫ್ರಿಜ್ಜಿನೊಳಗಂತೂ ವರ್ಷವಿಡೀ ಡಿಸೆಂಬರು. ನೀವು ಮಂಜು ಕರಗಿಸಿದ ರಾತ್ರಿ ಬಾಗಿಲು ತೆರೆದಿತ್ತು, ಈ ಏಪ್ರಿಲ್ ಸೆಕೆಗೆ ಎಣ್ಣೆ ಕರಗಿತು, ಗುಂಡಿ ಬಿಟ್ಟುಕೊಂಡಿತು, ದೀಪ ಹತ್ತಿತು. ಮಧ್ಯಾಹ್ನಕ್ಕೆ ಒಳಗೆ ತಣ್ಣಗಾಗಿ ಮತ್ತೆ ಹಿಡಿದುಕೊಂಡಿತು. ಎಣ್ಣೆ ಬಿಟ್ಟಿಲ್ಲವಾದರೆ ನನ್ನ ಮಾತು ಮರೆತುಬಿಡಿ.

ಇನ್ನೊಂದು, ಆಯಿಯವರ ಇನ್ಸುಲಿನ್ ಐಸ್ ಪೆಟ್ಟಿಗೆಗೆ ತಾಗಿಕೊಂಡಂತೆ ಇಡಬೇಡಿ. ಅದಕ್ಕೆ ಬೇಕಾದದ್ದು 2ರಿಂದ 8 ಡಿಗ್ರಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ನಮ್ಮ ಅತ್ತೆಯವರದ್ದನ್ನು ಕೆಂಪು ಮುಚ್ಚಳದ ಡಬ್ಬಿಯೊಂದಕ್ಕೆ ಹಾಕಿ ನಡುವಿನ ತಟ್ಟೆಯಲ್ಲಿ ಇಡುತ್ತಿದ್ದೆ. ಕತ್ತಲೆಯಲ್ಲೂ ಕೈಗೆ ಗುರುತು ಸಿಗುತ್ತದೆ.

ಹಂಚಿನಮನೆ (ಶಿರಸಿ):

ಅಕ್ಕ, ನೀವು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದ್ದಿರಾ?

ನಾಚಿಕೆ ಬಿಟ್ಟು ಹೇಳುತ್ತೇನೆ. ಎಣ್ಣೆ ಬಿಟ್ಟಿದ್ದೆ. ಮೊದಲ ಸಲ ಬರೆಯುವಾಗ ಅದು ನೆನಪಿಗೇ ಬರಲಿಲ್ಲ, ಎಣ್ಣೆ ಬಿಡುವುದು ರಿಪೇರಿ ಎಂದು ನನಗೆ ಅನಿಸಿಯೇ ಇರಲಿಲ್ಲ. ಆದದ್ದು ಹೀಗೆ: ಮೇಲಿನ ತಟ್ಟೆಯಲ್ಲಿ ಜೋನಿಬೆಲ್ಲದ ಪಾತ್ರೆ ಇತ್ತು. ಇರುವೆಯ ಕಾಟಕ್ಕೆ ಫ್ರಿಜ್ಜಿನೊಳಗೆ ಇಟ್ಟದ್ದು. ಯಾರೋ, ಯಾರೋ ಏನು, ನಾನೇ, ಅದನ್ನು ಓರೆ ಮಾಡಿ ಎಳೆದಾಗ ಬೆಲ್ಲ ಪಕ್ಕದ ಗೋಡೆಗುಂಟ ಇಳಿದು ಗುಂಡಿಯ ಮೇಲೆ ಹರಿದಿತ್ತು. ಒರೆಸಿದೆ. ಎರಡು ದಿನ ಬಿಟ್ಟು ದೀಪ ಒಮ್ಮೆ ಹತ್ತುತ್ತ ಒಮ್ಮೆ ಹತ್ತದೆ ಆಟವಾಡಿತು. ಗುಂಡಿ ಬಿಗಿಯಾಗಿದೆಯೆಂದು ದೇವರ ಮನೆಯ ಎಣ್ಣೆ ಗಿಂಡಿಯಿಂದ ಧಾರಾಳವಾಗಿ ಬಿಟ್ಟೆ. ಆ ರಾತ್ರಿಯಿಂದಲೇ ದೀಪ ಹೋದದ್ದು. ನನ್ನ ತಲೆಗೆ ಎರಡಕ್ಕೂ ಸಂಬಂಧ ಹೊಳೆಯಲಿಲ್ಲ, ಬಲ್ಬು ಹಿಡಿದುಕೊಂಡು ಪೇಟೆ ಸುತ್ತಿದೆ.

ನಿಮ್ಮ ಮಾತು ಓದಿದ ಮೇಲೆ ಟಾರ್ಚು ಬಿಟ್ಟು ನೋಡಿದೆ. ಗುಂಡಿ ಗೋಡೆಯ ಮಟ್ಟಕ್ಕೆ ಒಳಗೇ ಕೂತಿದೆ, ಸುತ್ತ ಬೆಳ್ಳಗೆ ಮೇಣದ ಬಳೆಯ ಹಾಗೆ ಒಂದು ಗೆರೆ. ಇಷ್ಟು ವರ್ಷ ಆ ಗುಂಡಿ ಎಷ್ಟು ಹೊರಗಿರಬೇಕೆಂದು ನಾನು ಗಮನಿಸಿಯೇ ಇರಲಿಲ್ಲ. ಹೆಬ್ಬೆರಳನ್ನು ಅದರ ಮೇಲೆ ಒಂದು ನಿಮಿಷ ಇಟ್ಟುಕೊಂಡು ನಿಂತೆ. ಬೆರಳಿನ ಬಿಸಿಗೆ ಬೆಳ್ಳಗಿನ ಬಳೆ ಅಂಚಿನಿಂದ ತಿಳಿಯಾಗುತ್ತಾ ಬಂತು. ಬೆರಳು ತೆಗೆದೆ. ಗುಂಡಿ ಆಕಳಿಸಿದ ಹಾಗೆ ನಿಧಾನಕ್ಕೆ ಹೊರಗೆ ಬಂತು, ದೀಪ ಹತ್ತಿತು. ಆಯಿಯನ್ನು ಕರೆದು ತೋರಿಸುವಷ್ಟರಲ್ಲಿ ನಾನೇ ಬಾಗಿಲು ಮುಚ್ಚಿಬಿಟ್ಟಿದ್ದೆ.

ಮೇಸ್ತ್ರಿಯವರೇ, ನೀವು ಹೇಳಿದ ಹಾಗೆಯೇ ಪ್ಲಗ್ ಕಿತ್ತು ಸ್ವಿಚ್ ಹೊರತೆಗೆದೆ, ಎರಡೂ ವೈರಿಗೆ ಕ್ಲಿಪ್ಪು ಸಿಕ್ಕಿಸಿದೆ. ಸ್ವಿಚ್ಚಿನ ಬುಡದಲ್ಲಿ ಬೆಲ್ಲವೂ ಎಣ್ಣೆಯೂ ಕಲಸಿ ಚಕ್ಕುಲಿ ಕರಿದ ಬಾಣಲೆಯ ತಳದ ಹಾಗಿದೆ. ಇದನ್ನು ಯಾವುದರಿಂದ ತೊಳೆಯಲಿ? ಪೆಟ್ರೋಲ್ ಇದೆ.

ರೀಲೆಮೇಸ್ತ್ರಿ (ದಾವಣಗೆರೆ):

ಪೆಟ್ರೋಲ್ ಬೇಡ! ಸೀಮೆಎಣ್ಣೆಯೂ ಬೇಡ. ಪ್ಲಾಸ್ಟಿಕ್ಕನ್ನು ಹಾಳುಮಾಡುವುದು ಒಂದು ಕಡೆ. ಅದರ ಆವಿ ಮುಚ್ಚಿದ ಪೆಟ್ಟಿಗೆಯೊಳಗೆ ನಿಂತು, ಬಾಗಿಲು ತೆಗೆದಾಗ ಸ್ವಿಚ್ಚಿನೊಳಗೆ ಒಂದು ಕಿಡಿ ಸಿಡಿದರೆ ಸಾಕು.

ಹೊರಗೆ ತೆಗೆದ ಸ್ವಿಚ್ಚಾದ್ದರಿಂದ ಸುಲಭ. ಬೆಲ್ಲಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ, ಎಣ್ಣೆಗೆ ಔಷಧದಂಗಡಿಯ ಸ್ಪಿರಿಟ್ಟು ಹತ್ತಿಯಲ್ಲಿ. ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ, ಸಂದಿನಿಂದ ಬಂದದ್ದನ್ನೆಲ್ಲ ಒರೆಸಿ. ಆಮೇಲೆ ಅರ್ಧ ದಿನ ಬಿಸಿಲಿಗಿಟ್ಟು, ಮೀಟರು ಹಿಡಿದು ನೋಡಿಯೇ ಕೂರಿಸಿ. ನಿಜ ಹೇಳಬೇಕೆಂದರೆ ನಾನಾಗಿದ್ದರೆ ಹೊಸದೇ ಹಾಕುತ್ತಿದ್ದೆ. ಸಂಪರ್ಕದ ಚುಕ್ಕಿಗಳ ಮೇಲೆ ಎಣ್ಣೆ ಕೂತರೆ ಕಿಡಿಗೆ ಸುಟ್ಟು ಮಸಿಯಾಗುತ್ತದೆ. ಹಳೆಯದನ್ನು ಜೊತೆಗೆ ಒಯ್ದು ಬಿಡಿಭಾಗದ ಅಂಗಡಿಯಲ್ಲಿ ತೋರಿಸಿ, ನಮ್ಮ ಕಡೆ ನೂರೈವತ್ತು ರೂಪಾಯಿಯ ಒಳಗೇ ಬರುತ್ತದೆ. ಅದಕ್ಕೆ ಮತ್ತೆ ಯಾವ ಎಣ್ಣೆಯನ್ನೂ ಬಿಡಬೇಡಿ, ಒಣಗಿದಂತೆಯೇ ಓಡಾಡಬೇಕಾದ ಗುಂಡಿ ಅದು.

ಕಡಲತಡಿ ಅಕ್ಕ, ಈ ತೆಂಗಿನೆಣ್ಣೆಯ ವಿಷಯ ನನ್ನ ಲೆಕ್ಕದಲ್ಲಿರಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ಜನ ಇಂಥದ್ದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಾರೆ, ಅದು ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಈ ರೋಗ ನಾನು ನೋಡಿಲ್ಲ. ಒಂದು ಹೊಸದು ಕಲಿತಂತಾಯಿತು.

ಹಂಚಿನಮನೆಯವರೇ, ಕೂರಿಸಿದ ಮೇಲೆ ಇನ್ನೊಂದು ಪರೀಕ್ಷೆ ಬಾಕಿಯಿದೆ, ಬಹಳ ಜನ ಮರೆಯುವುದು ಇದನ್ನೇ. ಹತ್ತುವುದನ್ನು ಎಲ್ಲರೂ ನೋಡುತ್ತಾರೆ, ಆರುವುದನ್ನು ಯಾರೂ ನೋಡುವುದಿಲ್ಲ. ಬಾಗಿಲು ಮುಚ್ಚಿದಾಗಲೂ ದೀಪ ಉರಿಯುತ್ತಲೇ ಇದ್ದರೆ 15 ವ್ಯಾಟಿನ ಲೆಕ್ಕದಲ್ಲಿ ದಿನಕ್ಕೆ 0.36 ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 11 ಯೂನಿಟ್. ಅದೂ ಸಾಲದೆಂದು ಬಲ್ಬು ಕೊಡುವುದೆಲ್ಲ ಹೆಚ್ಚುಕಡಿಮೆ ಶಾಖವೇ ಆದ್ದರಿಂದ, ಅದನ್ನು ಹೊರದಬ್ಬಲು ಮೋಟಾರು ಇನ್ನಷ್ಟು ಓಡಬೇಕು. ಗೃಹಜ್ಯೋತಿಯ ಬಿಲ್ಲು ಸೊನ್ನೆ ಬರುತ್ತಿದ್ದ ಮನೆಯೊಂದರಲ್ಲಿ ಇದ್ದಕ್ಕಿದ್ದಂತೆ ಹಣ ಕಟ್ಟುವಂತಾಗಿ, ಮೀಟರ್ ಸರಿಯಿಲ್ಲವೆಂದು ಜಗಳಕ್ಕೆ ನಿಂತಿದ್ದರು. ಅವರ ಫ್ರಿಜ್ಜಿನ ಬಲ್ಬು ಕೈ ಸುಡುವಷ್ಟು ಬಿಸಿಯಿತ್ತು. ಮೊಬೈಲಿನಲ್ಲಿ ವಿಡಿಯೋ ಚಾಲೂ ಮಾಡಿ ತಟ್ಟೆಯ ಮೇಲೆ ನಿಲ್ಲಿಸಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆಗೆಯಿರಿ, ತಿಳಿಯುತ್ತದೆ.

ಮೂರನೇಮಹಡಿ (ಬೆಂಗಳೂರು):

ಬೋರ್ಡಿನ ಮಾತನ್ನು ಹಿಂದೆಗೆದುಕೊಂಡಿದ್ದೇನೆ. ಈ ವಿಡಿಯೋ ಉಪಾಯವನ್ನು ನಮ್ಮ ಫ್ರಿಜ್ಜಿನಲ್ಲೂ ಮಾಡಿ ನೋಡಿದೆ. ನಮ್ಮದರಲ್ಲಿ ಒತ್ತುವ ಗುಂಡಿಯೇ ಕಾಣುವುದಿಲ್ಲ, ಆದರೂ ಆರುತ್ತದೆ. ಹೇಗೆ?

ರೀಲೆಮೇಸ್ತ್ರಿ (ದಾವಣಗೆರೆ):

ಬಾಗಿಲಿನಲ್ಲಿ ಅಯಸ್ಕಾಂತದ ಚೂರು, ಮೈಯಲ್ಲಿ ಅದಕ್ಕೆ ಸ್ಪಂದಿಸುವ ಸ್ವಿಚ್ಚು. ಹೊಸ ಮಾದರಿಗಳಲ್ಲಿ ಹೀಗೆ ಬರುತ್ತದೆ. ಬೆಲ್ಲ, ಎಣ್ಣೆ ಎರಡಕ್ಕೂ ಅದು ಜಗ್ಗುವುದಿಲ್ಲ.

ಹಂಚಿನಮನೆ (ಶಿರಸಿ):

ಹೊಸ ಸ್ವಿಚ್ಚು ತಂದು ಹಾಕಿದೆ, 90 ರೂಪಾಯಿ. ಮೂರು ದಿನವಾಯಿತು, ತಪ್ಪದೆ ಉರಿಯುತ್ತಿದೆ. ಜೋನಿಬೆಲ್ಲ ಈಗ ನೀರು ತುಂಬಿದ ತಟ್ಟೆಯ ನಡುವೆ, ಹಿಂದಿನಂತೆ ಇರುವೆಗೆ ಕಂದಕ ಕಟ್ಟಿಕೊಂಡು ಜಗಲಿಯ ಗೂಡಿನಲ್ಲಿದೆ. ಇನ್ಸುಲಿನ್ನಿಗೆ ಕೆಂಪು ಮುಚ್ಚಳದ ಡಬ್ಬಿ ಸಿಗಲಿಲ್ಲ, ಹಸಿರು ಹಾಕಿದ್ದೇನೆ.

ವಿಡಿಯೋವನ್ನೂ ತೆಗೆದೆ. ಬಾಗಿಲು ಮುಚ್ಚಲು ಇನ್ನೂ ಮೂರು ಬೆರಳು ಇರುವಾಗಲೇ ದೀಪ ಆರುತ್ತದೆ. ಆಮೇಲೆ ಹತ್ತು ಸೆಕೆಂಡು ಬರೀ ಕಪ್ಪು, ಮೋಟಾರಿನ ಗುಂಯ್ ಸದ್ದು, ಅದರ ನಡುವೆ ಹೊರಗಿನಿಂದ ಆಯಿಯ ದನಿ ಸಣ್ಣಗೆ ಕೇಳಿಸುತ್ತದೆ: "ಮೊಬೈಲನ್ನು ಯಾಕೆ ಒಳಗಿಟ್ಟೆ? ಅದೂ ಹಳಸುತ್ತದೆಯೇ?"